ರಿಪೋರ್ಟಿಗೆ ಸಹಿ ಹಾಕುವ ಮುನ್ನ

ಬೆಳಗಾವಿಯ ಉದ್ಯಮಬಾಗದ ಮಷೀನ್ ಶಾಪ್‌ಗಳಲ್ಲಿ, ಫೌಂಡ್ರಿಗಳಲ್ಲಿ ಇನ್‌ಸ್ಪೆಕ್ಷನ್ ರಿಪೋರ್ಟು ಬರೆಯುವ, ಡೀವಿಯೇಶನ್ ಕೇಳುವ, ಗಿರಾಕಿಯ ದೂರಿಗೆ ಉತ್ತರ ಕಳಿಸುವ ಗೆಳೆಯರೆ,



ನಿಮ್ಮಲ್ಲಿ ಬಹಳಷ್ಟು ಜನ ಡಿಪ್ಲೊಮಾ ಮುಗಿಸಿ ನೇರವಾಗಿ ಕ್ವಾಲಿಟಿ ಟೇಬಲ್ಲಿಗೆ ಬಂದವರು. ಇನ್ನು ಕೆಲವರು ಐಟಿಐ ಮುಗಿಸಿ, ಲೇತ್ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಪೆನ್ನು ಹಿಡಿದವರು. ಮನೆಯಲ್ಲಿ ಕನ್ನಡ, ಇಲ್ಲವೇ ಮರಾಠಿ. ಶಾಪ್‌ನಲ್ಲಿ ಎರಡೂ, ಜೊತೆಗೆ ಒಂದಿಷ್ಟು ಹಿಂದಿ. ಕಾಗದದ ಮೇಲೆ ಮಾತ್ರ ಇಂಗ್ಲಿಷ್. ಖಾನಾಪುರ ರಸ್ತೆಯ ಈ ಶೆಡ್ಡುಗಳಿಂದ ಹೊರಡುವ ಕಾಸ್ಟಿಂಗು, ಶಾಫ್ಟು, ಹೈಡ್ರಾಲಿಕ್ ಬ್ಲಾಕುಗಳ ಜೊತೆ ಒಂದೊಂದು ಕಾಗದವೂ ಹೋಗುತ್ತದೆ. ಪೆಟ್ಟಿಗೆ ಒಡೆಯುವ ಮೊದಲೇ ಗಿರಾಕಿ ಓದುವುದು ಆ ಕಾಗದವನ್ನು.

ನಿಮ್ಮ ಇಂಗ್ಲಿಷ್ ವ್ಯಾಕರಣದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ‘ಈಸ್’ ಇರಬೇಕಾದಲ್ಲಿ ‘ಆರ್’ ಬಂತೆಂದು ಯಾರ ಮಾಲೂ ವಾಪಸ್ ಬಂದದ್ದು ನಾನು ಕಂಡಿಲ್ಲ. ಆದರೆ ಎರಡೂ ಒಂದೇ ಎಂದು ನಾವು ತಿಳಿದಿರುವ ಎರಡು ಪದಗಳಲ್ಲಿ ಸಲ್ಲದ್ದನ್ನು ಆರಿಸಿಕೊಂಡರೆ ಮಾಲು ವಾಪಸ್ ಬರುತ್ತದೆ, ಬಿಲ್ಲು ತಡೆಯುತ್ತದೆ, ಕೆಲವು ಸಲ ಲೇತ್ ಮುಂದೆ ನಿಂತ ಮನುಷ್ಯನ ಹೊಟ್ಟೆಪಾಡಿಗೇ ಕುತ್ತು ಬರುತ್ತದೆ. ಅದಕ್ಕಾಗಿ ಈ ಪತ್ರ.

ರಿವರ್ಕ್ ಮತ್ತು ರಿಪೇರಿಯಿಂದ ಶುರು ಮಾಡುತ್ತೇನೆ. ಒಂದು ಹೌಸಿಂಗಿನ ಬೋರ್ ಸಣ್ಣದಾಗಿ ಬಂದಿದೆ ಎನ್ನಿ. ಮತ್ತೆ ಮಷೀನಿಗೆ ಏರಿಸಿ, ಒಂದು ಕಟ್ ತೆಗೆದು, ಡ್ರಾಯಿಂಗಿನ ಅಳತೆಗೆ ತಂದಿರಿ. ಇದು ರಿವರ್ಕ್. ಈಗ ಆ ತುಣುಕಿಗೂ ಮೊದಲ ಸಲವೇ ಸರಿ ಬಂದ ತುಣುಕಿಗೂ ವ್ಯತ್ಯಾಸವಿಲ್ಲ. ಅದೇ ಬೋರ್ ದೊಡ್ಡದಾಗಿಬಿಟ್ಟರೆ? ತೆಗೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಇನ್ನಷ್ಟು ಕೊರೆದು ಬುಶ್ ಕೂರಿಸಿ ಅಳತೆಗೆ ತಂದಿರಿ. ತುಣುಕು ಕೆಲಸಕ್ಕೆ ಬರುತ್ತದೆ, ವರ್ಷಗಟ್ಟಲೆ ಓಡಲೂಬಹುದು. ಆದರೆ ಡ್ರಾಯಿಂಗಿನಲ್ಲಿ ಬುಶ್ ಇಲ್ಲ. ಇದು ರಿಪೇರಿ. ಕಾಸ್ಟಿಂಗಿನ ಬ್ಲೋಹೋಲ್‌ಗೆ ವೆಲ್ಡ್ ತುಂಬಿ ಗ್ರೈಂಡ್ ಹೊಡೆದರೆ ಅದೂ ರಿಪೇರಿಯೇ. ಐಎಸ್‌ಒ 9000 ಈ ಎರಡನ್ನೂ ಬೇರೆ ಬೇರೆಯಾಗಿಯೇ ವಿವರಿಸುತ್ತದೆ: ರಿವರ್ಕ್ ಆದ ಮಾಲು ಕೇಳಿದ್ದಕ್ಕೆ ಸರಿಹೊಂದುತ್ತದೆ, ರಿಪೇರಿಯಾದ ಮಾಲು ಬಳಕೆಗೆ ಒಪ್ಪುವಂತಾಗುತ್ತದೆ, ಕೇಳಿದ್ದಕ್ಕೆ ಸರಿಹೊಂದದೆಯೂ ಇರಬಹುದು.

ವಾಹನದ ಬಿಡಿಭಾಗ ಮಾಡುವವರಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು. ಐಎಟಿಎಫ್ 16949ರ ಪ್ರಕಾರ ರಿಪೇರಿಗೆ ಕೈ ಹಾಕುವ ಮೊದಲೇ ಗಿರಾಕಿಯ ಒಪ್ಪಿಗೆ ಬೇಕು. ರಿವರ್ಕ್‌ಗೆ ಗಿರಾಕಿ ಕೇಳಿದ್ದರೆ ಮಾತ್ರ ಬೇಕು. ಹಾಗಿರುವಾಗ ಬುಶ್ ಹಾಕಿದ ಹೌಸಿಂಗಿನ ಮುಂದೆ ‘ರಿವರ್ಕ್ಡ್ ಅಂಡ್ ಫೌಂಡ್ ಓಕೆ’ ಎಂದು ಬರೆದರೆ ಏನಾಯಿತು ನೋಡಿ. ಬರೆದವರಿಗೆ ಯಾರನ್ನೂ ಮೋಸ ಮಾಡುವ ಉದ್ದೇಶವಿರಲಿಲ್ಲ. ಅವರನ್ನು ಕೇಳಿದರೆ ‘ಬೋರ್ ದೊಡ್ಡದಾಗಿತ್ರಿ, ಬುಶ್ ಹಾಕಿ ಕೊಟ್ಟೇವ್ರಿ’ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಬಾಯಲ್ಲಿ ಬಂದ ಆ ಪ್ರಾಮಾಣಿಕ ಮಾತು ಕಾಗದಕ್ಕೆ ಇಳಿಯುವಾಗ ಸುಳ್ಳಾಯಿತು. ಆರು ತಿಂಗಳ ಮೇಲೆ ಗಿರಾಕಿಯ ಶಾಪ್‌ನಲ್ಲಿ ಆ ಬುಶ್ ಕಣ್ಣಿಗೆ ಬಿದ್ದರೆ, ಅಂದು ನಿಮ್ಮ ಪರವಾಗಿ ಮಾತಾಡಲು ಆ ಕಾಗದ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.

ಇದರ ಬೆನ್ನಿಗೇ ಇನ್ನೊಂದು ಜೋಡಿ. ಮಾಲು ಆಗಿಹೋಗಿದೆ, ಅಳತೆ ತಪ್ಪಿದೆ, ಹಾಗೆಯೇ ತೆಗೆದುಕೊಳ್ಳಿ ಎಂದು ಕೇಳುವುದು ಕನ್ಸೆಷನ್. ಮಾಲು ಇನ್ನೂ ಮಾಡಿಲ್ಲ, ಹೇಳಿದ ಗ್ರೇಡು ಸಿಗುತ್ತಿಲ್ಲ, ಬೇರೆಯದರಲ್ಲಿ ಮಾಡಲೇ ಎಂದು ಮೊದಲೇ ಕೇಳುವುದು ಡೀವಿಯೇಶನ್ ಪರ್ಮಿಟ್. ನಮ್ಮಲ್ಲಿ ಎರಡಕ್ಕೂ ‘ಡೀವಿಯೇಶನ್ ಹಾಕ್ರಿ’ ಎನ್ನುತ್ತೇವೆ. ಮಾತಿನಲ್ಲಿ ಹಾಗೆ ಅನ್ನಲು ಅಡ್ಡಿಯಿಲ್ಲ. ಅರ್ಜಿಯಲ್ಲಿ ಮಾತ್ರ ಮಾಲು ಆಗಿದೆಯೋ ಇಲ್ಲವೋ ಎಂಬುದು ಮೊದಲ ಸಾಲಿನಲ್ಲೇ ತಿಳಿಯಬೇಕು.

ಈಗ ‘ಗಟ್ಟಿ’ ಎಂಬ ನಮ್ಮದೇ ಪದಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಆಗುವ ಗೊಂದಲಕ್ಕೆ ಕೆಲವೊಮ್ಮೆ ಕನ್ನಡದ ಔದಾರ್ಯವೇ ಕಾರಣ. ಮೊಸರೂ ಗಟ್ಟಿ, ದನಿಯೂ ಗಟ್ಟಿ, ಗೋಡೆಯೂ ಗಟ್ಟಿ, ಮನಸ್ಸೂ ಗಟ್ಟಿ. ಸಿಎನ್‌ಸಿ ಹುಡುಗ ಬಂದು ‘ಮಾಲು ಭಾಳ ಗಟ್ಟಿ ಐತ್ರಿ, ಇನ್ಸರ್ಟ್ ಹಾರಾಕತ್ತಾವ್ರಿ’ ಅನ್ನುತ್ತಾನೆ. ಅವನು ಹೇಳಿದ್ದು ಸರಿಯೇ. ಅದನ್ನು ಫೌಂಡ್ರಿಗೆ ಬರೆಯುವವರು ‘ಮಟೀರಿಯಲ್ ಸ್ಟ್ರೆಂತ್ ಈಸ್ ಹೈ’ ಎಂದು ಬರೆದರು. ಫೌಂಡ್ರಿಯವರು ಟೆಸ್ಟ್ ಸರ್ಟಿಫಿಕೇಟ್ ತೆಗೆದು ನೋಡಿದರು. ಎಫ್‌ಜಿ 260 ಎಂಬ ಗ್ರೇಡಿನಲ್ಲಿ ಆ 260 ಎಂಬುದು ಎಳೆದಾಗ ತಡೆದುಕೊಳ್ಳಬೇಕಾದ ಕನಿಷ್ಠ ಶಕ್ತಿ, ಮೆಗಾಪಾಸ್ಕಲ್ ಲೆಕ್ಕದಲ್ಲಿ. ಟೆಸ್ಟ್ ಬಾರ್ 270ಕ್ಕೆ ಮುರಿದಿದೆ, ಎಲ್ಲ ಸರಿಯಿದೆ ಎಂದು ಉತ್ತರ ಬರೆದು ಕೈತೊಳೆದುಕೊಂಡರು. ಇತ್ತ ಇನ್ಸರ್ಟ್‌ಗಳು ಹಾರುತ್ತಲೇ ಇವೆ.

ಹುಡುಗ ಹೇಳಿದ ಗಟ್ಟಿ ಹಾರ್ಡ್‌ನೆಸ್‌ನದು, ಸ್ಟ್ರೆಂತ್‌ನದಲ್ಲ. ಎರಕ ಹೊಯ್ದಾಗ ತೆಳುವಾದ ಭಾಗ, ಅಂಚು, ಮೂಲೆಗಳು ಬೇಗ ಆರುತ್ತವೆ. ಕಬ್ಬಿಣದಲ್ಲಿರುವ ಇಂಗಾಲಕ್ಕೆ ಗ್ರಾಫೈಟ್ ಆಗಿ ಬಿಡಿಸಿಕೊಳ್ಳಲು ಸಮಯ ಸಿಗದೆ ಅದು ಕಬ್ಬಿಣದ ಜೊತೆಗೇ ಕೂಡಿ ಕಾರ್ಬೈಡ್ ಆಗುತ್ತದೆ. ಫೌಂಡ್ರಿಯವರು ಚಿಲ್ ಅನ್ನುವುದು ಇದಕ್ಕೇ. ಮುರಿದು ನೋಡಿದರೆ ಆ ಭಾಗ ಬೆಳ್ಳಗೆ ಕಾಣುತ್ತದೆ. ‘ಅಂಚಿನ ಹಾರ್ಡ್‌ನೆಸ್ ಹೆಚ್ಚಿದೆ, ಬ್ರಿನೆಲ್ ಅಳೆದು ನೋಡಿ’ ಎಂದು ಬರೆದಿದ್ದರೆ ಫೌಂಡ್ರಿಯ ಮೆಲ್ಟರ್‌ಗೆ ಆ ಒಂದು ಸಾಲು ಸಾಕಿತ್ತು. ಇನಾಕ್ಯುಲೇಶನ್ ಕಡಿಮೆಯಾಯಿತೇ, ಹೊಯ್ಯುವುದು ತಡವಾಯಿತೇ, ಇಂಗಾಲ–ಸಿಲಿಕಾನ್ ಲೆಕ್ಕ ತಪ್ಪಿತೇ ಎಂದು ಹುಡುಕುತ್ತಿದ್ದ.

ಇನ್ನು ಟಫ್‌ನೆಸ್ ಬೇರೆಯೇ ಗುಣ. ಹಾರ್ಡ್ ಆದದ್ದು ಬೇಗ ಸವೆಯುವುದಿಲ್ಲ. ಟಫ್ ಆದದ್ದು ಏಟು ಬಿದ್ದರೆ ಒಡೆಯುವುದಿಲ್ಲ. ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ. ಬಿಳಿ ಎರಕದ ತುಂಡನ್ನು ಅರದಿಂದ ಉಜ್ಜಿದರೆ ಅರವೇ ಜಾರುತ್ತದೆ, ನೆಲಕ್ಕೆ ಜೋರಾಗಿ ಎಸೆದರೆ ಚೂರಾಗುತ್ತದೆ. ಇದಕ್ಕೆ ಪೆಡಸು ಎಂಬ ಒಳ್ಳೆಯ ಪದ ಕನ್ನಡದಲ್ಲಿದೆ, ಶಾಪ್‌ನಲ್ಲಿ ಬಳಸಲು ಯಾವ ಸಂಕೋಚವೂ ಬೇಡ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಇದೇ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣದ ನೇಗಿಲು ಮಾಡಲು ಹೊರಟ ಯಾರಿಗೂ ಈ ಲೆಕ್ಕ ತಪ್ಪಿದ್ದಲ್ಲ: ಕುಳ ಮಣ್ಣಿಗೆ ಸವೆಯಬಾರದು, ಹಾಗೆಂದು ಕಲ್ಲಿಗೆ ಬಡಿದಾಗ ಮುರಿಯಲೂಬಾರದು. ರೈತನಿಗೆ ಎರಡೂ ‘ಗಟ್ಟಿ’ಯೇ. ಮಾಡುವವನಿಗೆ ಅವು ಒಂದಕ್ಕೊಂದು ಜಗ್ಗಾಡುವ ಎರಡು ಗುಣಗಳು.

ಡ್ರಾಯಿಂಗಿನ ಅಳತೆಗಳ ಬಗ್ಗೆಯೂ ಒಂದಿಷ್ಟು ಹೇಳಬೇಕು. ಟಾಲರೆನ್ಸ್, ಅಲೋವನ್ಸ್, ಕ್ಲಿಯರೆನ್ಸ್ ಮೂರನ್ನೂ ನಾವು ‘ಎಷ್ಟು ಬಿಡಬೇಕು’ ಎಂಬ ಒಂದೇ ಪ್ರಶ್ನೆಯಲ್ಲಿ ಕೇಳಿ ಮುಗಿಸುತ್ತೇವೆ. 25 ಮಿ.ಮೀ. ಬೋರಿಗೆ ಎಚ್7, ಅದರಲ್ಲಿ ಜಾರುವ ಶಾಫ್ಟಿಗೆ ಜಿ6 ಎಂದು ಡ್ರಾಯಿಂಗ್ ಹೇಳುತ್ತದೆ ಎನ್ನಿ. ಬೋರ್ 25.000ದಿಂದ 25.021ರ ಒಳಗಿರಬೇಕು. ಶಾಫ್ಟ್ 24.980ರಿಂದ 24.993ರ ಒಳಗಿರಬೇಕು. ಬೋರಿನ 0.021, ಶಾಫ್ಟಿನ 0.013 ಇವು ಟಾಲರೆನ್ಸ್. ಕೈ, ಮಷೀನು, ಟೂಲ್‌ಗಳ ಹೆಚ್ಚುಕಡಿಮೆಯನ್ನು ಎಲ್ಲಿಯವರೆಗೆ ಸಹಿಸಬಹುದು ಎಂಬ ಮಿತಿ. ಅತಿ ದೊಡ್ಡ ಶಾಫ್ಟು ಅತಿ ಸಣ್ಣ ಬೋರಿಗೆ ಹೋದಾಗಲೂ ಉಳಿಯುವ 0.007 ಅಲೋವನ್ಸ್, ಡಿಸೈನ್ ಮಾಡಿದವರು ಬೇಕೆಂದೇ ಇಟ್ಟದ್ದು. ನಿಮ್ಮ ಕೈಯಲ್ಲಿರುವ ಈ ಶಾಫ್ಟು ಈ ಬೋರಿನಲ್ಲಿ ಕುಳಿತಾಗ ನಿಜವಾಗಿ ಸಿಗುವ ಸಂದು ಕ್ಲಿಯರೆನ್ಸ್, 0.007ರಿಂದ 0.041ರವರೆಗೆ ಎಷ್ಟಾದರೂ ಇರಬಹುದು. ಸಹಿಸಿದ್ದು, ಬೇಕೆಂದೇ ಬಿಟ್ಟದ್ದು, ಕೊನೆಗೆ ಸಿಕ್ಕದ್ದು. ಕನ್ನಡದಲ್ಲಿ ಹೀಗೆ ಹೇಳಿಕೊಂಡರೆ ಮೂರೂ ಬೇರೆಯಾಗಿಯೇ ನಿಲ್ಲುತ್ತವೆ.

ಫೌಂಡ್ರಿಗೆ ಎನ್‌ಕ್ವಾಯರಿ ಕಳಿಸುವಾಗ ಈ ತಪ್ಪು ದುಬಾರಿಯಾಗುತ್ತದೆ. ಮಷೀನಿಂಗ್‌ಗೆಂದು ಮೇಲ್ಮೈಯಲ್ಲಿ 3 ಮಿ.ಮೀ. ಲೋಹ ಬಿಡಿ ಎನ್ನಬೇಕಾದವರು ‘ಟಾಲರೆನ್ಸ್ 3 ಎಂಎಂ’ ಎಂದು ಬರೆದರೆ, ಪ್ಯಾಟರ್ನ್ ಮಾಡುವವರಿಗೆ ಅದು ಮೇಲೆ ಕೆಳಗೆ ಮೂರು ಮಿಲಿಮೀಟರ್ ಆಚೀಚೆಯಾದರೂ ನಡೆಯುತ್ತದೆ ಎಂದಂತೆ. ಕಾಸ್ಟಿಂಗ್ ಬಂದಾಗ ಕೆಲವು ಕಡೆ ಟೂಲ್‌ಗೆ ತಾಗಲು ಲೋಹವೇ ಇರುವುದಿಲ್ಲ. ಪ್ಯಾಟರ್ನ್ ಮಾಡುವವರು ಮಾತ್ರ ಅಲೋವನ್ಸ್ ಎಂಬ ಪದದಲ್ಲಿ ಎಡವುವುದು ಕಡಿಮೆ. ಬೂದು ಎರಕ ಆರುವಾಗ ಮೀಟರಿಗೆ ಸುಮಾರು 10 ಮಿ.ಮೀ., ಉಕ್ಕು ಸುಮಾರು 20 ಮಿ.ಮೀ. ಕುಗ್ಗುತ್ತದೆ ಎಂದು ಅವರು ಅಷ್ಟು ಉದ್ದ ಹೆಚ್ಚಿಗೆ ಇಟ್ಟೇ ಪ್ಯಾಟರ್ನ್ ಕೆತ್ತುತ್ತಾರೆ. ಬೇಕೆಂದೇ ಬಿಡುವುದು ಅವರಿಗೆ ದಿನದ ಕೆಲಸ.

ಅಕ್ಯುರಸಿ, ಪ್ರಿಸಿಷನ್ ಬಗ್ಗೆ ಕಾಲೇಜಿನಲ್ಲಿ ಗುರಿಫಲಕದ ಚಿತ್ರ ಬಿಡಿಸಿ ಹೇಳಿಕೊಟ್ಟಿರುತ್ತಾರೆ, ಹಾಗಾಗಿ ಅದನ್ನು ಎಳೆಯುವುದಿಲ್ಲ. ಸೊನ್ನೆಯಲ್ಲೇ 0.02 ತಪ್ಪು ಕೂತಿರುವ ಮೈಕ್ರೋಮೀಟರ್ ಐದು ಸಲ ಅಳೆದರೂ ಒಂದೇ ಅಂಕಿ ತೋರಿಸುತ್ತದೆ. ಅದರ ಪ್ರಿಸಿಷನ್ ಚೆನ್ನಾಗಿದೆ, ಅಂಕಿ ಮಾತ್ರ ಸುಳ್ಳು. ನಾನು ಹೆಚ್ಚು ಒತ್ತಿ ಹೇಳಬೇಕಾದ್ದು ಕ್ಯಾಲಿಬ್ರೇಶನ್ ಬಗ್ಗೆ. ‘ಕ್ಯಾಲಿಬ್ರೇಶನ್ ಆಗ್ಯಾದ್ರಿ’ ಎಂದು ಸ್ಟಿಕ್ಕರ್ ತೋರಿಸುವವರಲ್ಲಿ ಅನೇಕರು ಗೇಜ್ ರಿಪೇರಿಯಾಗಿ, ಸೆಟ್ ಆಗಿ ಬಂದಿದೆ ಎಂದೇ ನಂಬಿರುತ್ತಾರೆ. ಮಾಪನಶಾಸ್ತ್ರದ ಅಂತರರಾಷ್ಟ್ರೀಯ ಶಬ್ದಕೋಶ ಇವೆರಡನ್ನೂ ಬೆರೆಸಬೇಡಿ ಎಂದು ಎಚ್ಚರಿಸುತ್ತದೆ: ಕ್ಯಾಲಿಬ್ರೇಶನ್ ಎಂದರೆ ಉಪಕರಣ ಎಷ್ಟು ತಪ್ಪು ತೋರಿಸುತ್ತಿದೆ ಎಂದು ಪ್ರಮಾಣದ ಎದುರು ಹಿಡಿದು ಕಂಡುಕೊಳ್ಳುವುದು, ಆ ತಪ್ಪನ್ನು ಸರಿಪಡಿಸುವುದು ಅಡ್ಜಸ್ಟ್‌ಮೆಂಟ್. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಿಂದ ಬಂದ ಸರ್ಟಿಫಿಕೇಟಿನಲ್ಲಿ ಎರರ್ ಎಂಬ ಕಾಲಮ್ ಇರುತ್ತದೆ. ಅದನ್ನು ಓದಿ, ನಮ್ಮ ಡ್ರಾಯಿಂಗಿನ ಟಾಲರೆನ್ಸ್ ಎದುರು ಹಿಡಿದು, ಈ ಗೇಜ್ ಈ ಕೆಲಸಕ್ಕೆ ನಡೆಯುತ್ತದೋ ಇಲ್ಲವೋ ಎಂದು ನಿರ್ಧರಿಸಬೇಕಾದವರು ನೀವು. ಸರ್ಟಿಫಿಕೇಟನ್ನು ಫೈಲಿಗೆ ಹಾಕಿದ ಮಾತ್ರಕ್ಕೆ ಆ ನಿರ್ಧಾರ ಆದಂತಲ್ಲ.

ಜೀವಕ್ಕೇ ಸಂಬಂಧಿಸಿದ್ದೂ ಒಂದಿದೆ. ‘ಇನ್‌ಫ್ಲೇಮಬಲ್’ ಎಂದು ಬರೆದ ಥಿನ್ನರ್ ಡಬ್ಬ, ರೆಸಿನ್ ಡ್ರಮ್ಮು ನಿಮ್ಮ ಸ್ಟೋರಿನಲ್ಲಿ ಇರಬಹುದು. ‘ಇನ್‌ಕರೆಕ್ಟ್’ ಅಂದರೆ ಕರೆಕ್ಟ್ ಅಲ್ಲ ಎಂದು ಕಲಿತ ಹುಡುಗ ಇದನ್ನು ಉರಿಯದ ವಸ್ತು ಎಂದು ಓದಿದರೆ ಅವನ ತಪ್ಪಲ್ಲ. ಇನ್‌ಫ್ಲೇಮಬಲ್, ಫ್ಲೇಮಬಲ್ ಎರಡಕ್ಕೂ ಒಂದೇ ಅರ್ಥ, ಬೆಂಕಿ ಹತ್ತುವಂಥದ್ದು. ಈ ಗೊಂದಲಕ್ಕೆ ಹೆದರಿಯೇ ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘ 1920ರ ದಶಕದಿಂದಲೇ ಫ್ಲೇಮಬಲ್ ಎಂದೇ ಬರೆಯಿರಿ ಎಂದು ಒತ್ತಾಯಿಸಿತು. ಅಲ್ಲಿಯೇ ಹಾರ್ಟ್‌ಫರ್ಡ್ ಎಂಬ ಅಗ್ನಿವಿಮೆ ಕಂಪನಿಯಲ್ಲಿ ಬೆಂಜಮಿನ್ ಲೀ ವೋರ್ಫ್ ಎಂಬ ಇನ್‌ಸ್ಪೆಕ್ಟರ್ ಇದ್ದರು. ಭಾಷಾಶಾಸ್ತ್ರಜ್ಞರಾಗಿಯೂ ಹೆಸರಾದವರು. ಪೆಟ್ರೋಲ್ ತುಂಬಿದ ಡ್ರಮ್ಮಿನ ಹತ್ತಿರ ಎಚ್ಚರದಿಂದಿರುವ ಜನ, ಖಾಲಿ ಎಂದು ಬರೆದ ಡ್ರಮ್ಮಿನ ಹತ್ತಿರ ಬೀಡಿ ಸಿಗರೇಟು ಹಚ್ಚುತ್ತಾರೆ, ಆದರೆ ಆವಿ ತುಂಬಿದ ಆ ಖಾಲಿ ಡ್ರಮ್ಮೇ ಹೆಚ್ಚು ಅಪಾಯ ಎಂದು ಅವರು 1941ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬರೆದರು. ನಮ್ಮ ಡ್ರಮ್ಮುಗಳ ಮೇಲೆ ಕನ್ನಡದಲ್ಲಿ, ಮರಾಠಿಯಲ್ಲಿ ‘ಬೆಂಕಿ ಹತ್ತುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿ. ಖಾಲಿ ಡ್ರಮ್ಮಿನ ಮೇಲಿನ ಬರಹವನ್ನು ಅಳಿಸಬೇಡಿ. ಇದಕ್ಕೆ ಯಾವ ಆಡಿಟರ್‌ನ ಅಪ್ಪಣೆಯೂ ಬೇಕಿಲ್ಲ.

ಈಗ ನನ್ನ ಮನಸ್ಸಿಗೆ ಅತಿ ಹೆಚ್ಚು ನೋವು ಕೊಡುವ ಪದ. ಗಿರಾಕಿಯ ದೂರಿಗೆ ಬರೆದ 8ಡಿ ಉತ್ತರಗಳಲ್ಲಿ ರೂಟ್ ಕಾಸ್ ಎಂಬ ಚೌಕದಲ್ಲಿ ಮತ್ತೆ ಮತ್ತೆ ಕಾಣುವ ಎರಡು ಪದಗಳು, ‘ಆಪರೇಟರ್ ನೆಗ್ಲಿಜೆನ್ಸ್’. ಬರೆಯುವವರಿಗೆ ಅದು ಮಿಸ್ಟೇಕ್ ಎನ್ನುವುದಕ್ಕೆ ಇನ್ನೊಂದು ಮಾತು, ಸ್ವಲ್ಪ ಗಂಭೀರವಾಗಿ ಕೇಳಿಸುವ ಮಾತು. ಆದರೆ ಅದು ಆರೋಪ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ರೂಪಿಸಿದ ಮಾದರಿ ಆದೇಶಗಳು ರೂಢಿಗತ ನಿರ್ಲಕ್ಷ್ಯವನ್ನು ದುರ್ನಡತೆಯ ಪಟ್ಟಿಯಲ್ಲಿ ಸೇರಿಸಿದ್ದವು. ಒಬ್ಬನೇ ಮನುಷ್ಯನ ಮೇಲೆ ಈ ಪದ ಮೂರು ನಾಲ್ಕು ಸಲ ಬಿದ್ದ ಫೈಲು ನಾಳೆ ಯಾರ ಕೈಗೆ ಹೋಗುತ್ತದೆ, ಯಾವ ಉದ್ದೇಶಕ್ಕೆ ಹೋಗುತ್ತದೆ ಎಂದು ಬರೆದವರು ಯೋಚಿಸಿದ್ದಾರೆಯೇ? ಆ ಇಂಗ್ಲಿಷ್ ಕಾಗದವನ್ನು ಅವನು ಓದಿರುವುದೂ ಇಲ್ಲ.

ನಮ್ಮ ಮಾತಿನಲ್ಲಿ ಈ ತಪ್ಪು ಆಗುವುದೇ ಇಲ್ಲ. ‘ಕೈ ತಪ್ಪಿತು’ ಅನ್ನುವುದನ್ನೂ ‘ಗೊತ್ತಿರಲಿಲ್ಲ’ ಅನ್ನುವುದನ್ನೂ ‘ಲಕ್ಷ್ಯ ಕೊಡಲಿಲ್ಲ’ ಅನ್ನುವುದನ್ನೂ ‘ಬೇಕಂತಲೇ ಮಾಡಿದ’ ಅನ್ನುವುದನ್ನೂ ಯಾವ ಕನ್ನಡಿಗನೂ ಒಂದರ ಜಾಗದಲ್ಲಿ ಇನ್ನೊಂದನ್ನು ಆಡುವುದಿಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1990ರ ತಮ್ಮ ‘ಹ್ಯೂಮನ್ ಎರರ್’ ಪುಸ್ತಕದಲ್ಲಿ ಮಾಡಿದ ವಿಂಗಡಣೆ ಇದಕ್ಕೆ ಬಹಳ ಹತ್ತಿರ. ಮಾಡಬೇಕೆಂದುಕೊಂಡದ್ದು ಸರಿ, ಕೈ ಮಾತ್ರ ಜಾರಿದರೆ ಸ್ಲಿಪ್. ಮಾಡಬೇಕಾದ್ದೇ ಮರೆತುಹೋದರೆ ಲ್ಯಾಪ್ಸ್. ಅಂದುಕೊಂಡದ್ದೇ ತಪ್ಪಾಗಿದ್ದರೆ ಮಿಸ್ಟೇಕ್. ನಿಯಮ ಗೊತ್ತಿದ್ದೂ ಮುರಿದರೆ ವಯೊಲೇಶನ್. ನಾಲ್ಕಕ್ಕೂ ಮದ್ದು ಬೇರೆ. ಕೈ ಜಾರಿದವನಿಗೆ ಟ್ರೇನಿಂಗ್ ಕೊಟ್ಟು ಫಲವಿಲ್ಲ, ಅವನಿಗೆ ಕೆಲಸ ಬರುತ್ತದೆ. ಸೆಟ್ಟಿಂಗ್ ಶೀಟಿನಲ್ಲೇ ಅಂಕಿ ತಪ್ಪಿದ್ದರೆ ಅವನಿಗೆ ಬೈದು ಫಲವಿಲ್ಲ.

ಜಪಾನಿನ ಶಿಗೆಯೊ ಶಿಂಗೊ ಅವರ ಕಥೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ತುಣುಕನ್ನು ತಿರುವುಮುರುವು ಕೂರಿಸಲಾಗದಂತೆ ಫಿಕ್ಸ್ಚರ್‌ನಲ್ಲೇ ಏರ್ಪಾಟು ಮಾಡುವ ಪದ್ಧತಿಗೆ ಅವರು ಮೊದಲು ಬಕಾ-ಯೋಕೆ ಎಂಬ ಹೆಸರು ಬಳಸುತ್ತಿದ್ದರು. ದಡ್ಡರಿಂದ ಕಾಪಾಡುವುದು ಎಂದರ್ಥ. ಇಂಗ್ಲಿಷಿನ ಫೂಲ್‌ಪ್ರೂಫ್ ಇದ್ದಂತೆ. 1960ರ ದಶಕದಲ್ಲಿ ಒಂದು ಕಾರ್ಖಾನೆಯಲ್ಲಿ ಇದನ್ನು ಕೇಳಿದ ಕೆಲಸಗಾರ್ತಿಯೊಬ್ಬಳು ತಾನೇನು ದಡ್ಡಳೇ ಎಂದು ಅತ್ತಳಂತೆ. ಶಿಂಗೊ ಹೆಸರನ್ನೇ ಬದಲಿಸಿದರು: ಪೋಕಾ-ಯೋಕೆ, ಕೈತಪ್ಪಿನಿಂದ ಕಾಪಾಡುವುದು. ಫಿಕ್ಸ್ಚರ್ ಅದೇ, ಪಿನ್ ಅದೇ. ಒಂದು ಪದ ಬದಲಾದ್ದರಿಂದ ತಪ್ಪು ಆ ಹೆಣ್ಣುಮಗಳ ಬುದ್ಧಿಯಿಂದ ಕೆಲಸದ ಏರ್ಪಾಟಿಗೆ ಸರಿಯಿತು. ಇವತ್ತು ನಿಮ್ಮ ಫಾರಂಗಳಲ್ಲೂ ಪೋಕಾ-ಯೋಕೆ ಎಂಬ ಚೌಕವಿದೆ. ಅದರ ಪಕ್ಕದ ಚೌಕದಲ್ಲೇ ನೆಗ್ಲಿಜೆನ್ಸ್ ಎಂದು ಬರೆಯುವುದು ಸಲ್ಲ.

ಈ ಪದ ತಪ್ಪಿದರೆ ಮುಂದಿನದೂ ತಪ್ಪುತ್ತದೆ. ಕರೆಕ್ಷನ್ ಎಂದರೆ ಕಣ್ಣೆದುರಿಗಿರುವ ದೋಷವನ್ನು ನಿವಾರಿಸುವುದು: ತಪ್ಪು ತೂತಿನ ತುಣುಕುಗಳನ್ನು ಆರಿಸಿ ಬೇರೆ ಇಟ್ಟಿರಿ, ಹೊಸ ಮಾಲು ಕಳಿಸಿದಿರಿ. ಕರೆಕ್ಟಿವ್ ಆಕ್ಷನ್ ಎಂದರೆ ಆ ದೋಷದ ಕಾರಣವನ್ನು ತೆಗೆಯುವುದು: ತುಣುಕು ಉಲ್ಟಾ ಕೂರುತ್ತಿತ್ತು, ಒಂದು ಪಿನ್ ಹಾಕಿದಿರಿ, ಇನ್ನು ಕೂರುವುದಿಲ್ಲ. ಕಾರಣದ ಚೌಕದಲ್ಲಿ ನೆಗ್ಲಿಜೆನ್ಸ್ ಎಂದು ಬರೆದವರಿಗೆ ಕರೆಕ್ಟಿವ್ ಆಕ್ಷನ್ ಚೌಕದಲ್ಲಿ ಬರೆಯಲು ಏನೂ ಉಳಿಯುವುದಿಲ್ಲ. ‘ಆಪರೇಟರ್‌ಗೆ ತಿಳಿಹೇಳಲಾಗಿದೆ’ ಎಂದು ಬರೆದು, ಹಾಜರಿ ಹಾಳೆಯ ಮೇಲೆ ಅವನ ಸಹಿ ತೆಗೆದುಕೊಂಡು ಕಳಿಸುತ್ತಾರೆ. ಮುಂದಿನ ತಿಂಗಳು ರಾತ್ರಿ ಪಾಳಿಯಲ್ಲಿ ಇನ್ನೊಬ್ಬನ ಕೈಯಲ್ಲಿ ಅದೇ ತುಣುಕು ಉಲ್ಟಾ ಕೂರುತ್ತದೆ. ಸರಿಯಾದ ಪದ ಹುಡುಕಲು ಕೂತಿದ್ದರೆ ಪಿನ್ ಸಿಗುತ್ತಿತ್ತು.

ಈ ಪತ್ರ ಓದುವ ಶಾಪ್ ಮಾಲೀಕರಲ್ಲಿ ಒಂದು ಕೋರಿಕೆ. ಹಳೆಯ ರಿಪೋರ್ಟು ತೆರೆದು ತಾರೀಖು, ಪಾರ್ಟ್ ನಂಬರ್ ಬದಲಿಸಿ ಕಳಿಸಲು ನಿಮ್ಮ ಹುಡುಗರನ್ನು ಅವಸರಪಡಿಸಬೇಡಿ. ಈ ಪದಗಳು ಹೆಚ್ಚಾಗಿ ಹಾಗೆಯೇ ಒಂದು ರಿಪೋರ್ಟಿನಿಂದ ಇನ್ನೊಂದಕ್ಕೆ ಹರಿದು ಬಂದಿವೆ. 1979ರಲ್ಲಿ ಶುರುವಾದ ಗೋಗಟೆ ಇಂಜಿನಿಯರಿಂಗ್ ಕಾಲೇಜು ಇದೇ ಉದ್ಯಮಬಾಗದಲ್ಲಿದೆ, ನಮ್ಮ ಶೆಡ್ಡುಗಳಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿಯ ಮತ್ತು ಊರಿನ ಪಾಲಿಟೆಕ್ನಿಕ್‌ಗಳ ಅಧ್ಯಾಪಕರು ಇಂಗ್ಲಿಷ್ ಸಂವಹನದ ಒಂದು ತರಗತಿಯನ್ನಾದರೂ ಬುಶ್ ಹಾಕಿದ ಹೌಸಿಂಗು, ಚಿಲ್ ಆದ ಕಾಸ್ಟಿಂಗು ಮೇಜಿನ ಮೇಲಿಟ್ಟು ನಡೆಸಲಿ ಎಂದು ಕೇಳಿಕೊಳ್ಳುತ್ತೇನೆ.

ಬರೆಯುವ ಗೆಳೆಯರೆ, ನಿಮ್ಮಲ್ಲಿ ಕೇಳುವುದು ಇಷ್ಟು. ಇಂಗ್ಲಿಷ್ ಪದ ಹುಡುಕುವ ಮೊದಲು ಏನಾಯಿತೆಂದು ಜಾಬ್ ಕಾರ್ಡಿನ ಹಿಂದೆ ಕನ್ನಡದಲ್ಲೋ ಮರಾಠಿಯಲ್ಲೋ ಎರಡು ಸಾಲು ಬರೆದುಕೊಳ್ಳಿ. ಆಮೇಲೆ ಫಾರಂ ತುಂಬಿ. ತುಂಬಿದ ಮೇಲೆ, ಯಾರ ಕೈಯಿಂದ ಆ ಮಾಲು ಬಂತೋ ಅವರಿಗೆ ಆ ಫಾರಂನ ಅರ್ಥವನ್ನು ಅವರ ಭಾಷೆಯಲ್ಲಿ ಓದಿ ಹೇಳಿ. ಅವರು ‘ಹಂಗಲ್ರೀ’ ಅಂದರೆ, ಸಹಿ ಹಾಕಬೇಡಿ. ಆ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆಯಿರಿ.

ಇಂತಿ,
ನಿಮ್ಮ ರಿಪೋರ್ಟುಗಳನ್ನು ಬಹುಕಾಲ ಓದಿದ ಒಬ್ಬ ಗೆಳೆಯ